ಎಂಟುನೂರರ ಲೆನ್ಸು, ಎಂಟುನೂರು ಅಡಿಯ ಬೋರು

"ಎಷ್ಟಾಯ್ತವ್ವ ಇದ್ಕೆ?"

ಮದಲೂರಿನ ಮನೆಯ ಜಗಲಿ ಮೇಲೆ ಬ್ಯಾಗ್ ಬಿಚ್ಚಿ ಲೆನ್ಸ್ ಹೊರಗೆ ತೆಗೆಯುತ್ತಿದ್ದಂತೆ ದೊಡ್ಡಪ್ಪ ಕೇಳಿದ ಮೊದಲ ಪ್ರಶ್ನೆ ಇದು. ಇದು ಬಾಡಿಗೆಯದು, ಮೂರು ದಿನಕ್ಕೆ ತಂದಿದ್ದೀನಿ, ಹಿಡಿಸಿದರೆ ಕೊಳ್ಳೋಣ ಅಂತಿದ್ದೀನಿ, ಎರಡು ಲಕ್ಷದ ಹತ್ತಿರ ಆಗುತ್ತೆ ಅಂದೆ. ಅವರು ಎಲೆಯಡಿಕೆ ಒಂದು ಕಡೆ ಒತ್ತರಿಸಿಕೊಂಡು ಮತ್ತೆ ಕೇಳಿದರು.

"ಹೆಸ್ರೇನು ಇದ್ರದ್ದು?"

"ಇನ್ನೂರು–ಎಂಟ್ನೂರು ಅಂತಾರೆ ದೊಡ್ಡಪ್ಪ."

"ಅಡಿನಾ?"

"ಅಲ್ಲ, ಮಿಲಿಮೀಟರು."

"ದುಡ್ಡು ಮಾತ್ರ ಒಂದ್ ಬೋರ್ ಕೊರ್ಸೋ ಅಷ್ಟು. ನಾನೂ ಎಂಟ್ನೂರು ಅಡಿ ಇಳಿಸ್ದೆ ಕಣವ್ವ, ಬರೀ ಧೂಳು ಬಂತು. ನಿಂದ್ರಲ್ಲಿ ಏನ್ ಬರುತ್ತೋ ನೋಡು."

ನಗು ಬಂತು. ಆದರೆ ಮಾತು ಮನಸ್ಸಲ್ಲಿ ಕೂತುಬಿಟ್ಟಿತು. ಶಿರಾ, ಪಾವಗಡ ಕಡೆಯವರಿಗೆ ಬೋರ್‌ವೆಲ್ ಅಂದರೆ ಬರೀ ಬೋರ್‌ವೆಲ್ ಅಲ್ಲ. ಸಾಲ ಮಾಡಿ, ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡಿಸಿ, ರಾತ್ರಿಯೆಲ್ಲ ಲಾರಿ ಪಕ್ಕ ಕೂತು, ಬೆಳಗಿನ ಜಾವ ಬರುವುದು ನೀರೋ ಬಿಳಿ ಧೂಳೋ ಅಂತ ಕಾಯುವುದು. ದೊಡ್ಡಪ್ಪ ಹೀಗೆ ಮೂರು ಸಲ ಕಾದವರು. ನಾನು ಬೆಂಗಳೂರಿನಲ್ಲಿ ಹನ್ನೆರಡು ತಿಂಗಳ ಇಎಂಐ ಲೆಕ್ಕ ಹಾಕಿಕೊಂಡು, ಯೂಟ್ಯೂಬ್‌ನಲ್ಲಿ ಇಪ್ಪತ್ತು ವಿಡಿಯೋ ನೋಡಿ, ಇದೇ ಬೇಕು ಅಂತ ತೀರ್ಮಾನ ಮಾಡಿಕೊಂಡು ಬಂದವಳು. ಪಾಯಿಂಟ್ ನೋಡಿಸಿದ್ದೆ, ಅಷ್ಟೇ. ನೀರಿದೆಯೋ ಇಲ್ಲವೋ ಗೊತ್ತಿರಲಿಲ್ಲ.

ನನ್ನ ಹತ್ತಿರ ಇರುವುದು ಕ್ಯಾನನ್ ಆರ್10. ಚಿಕ್ಕ ಸೆನ್ಸರ್‌ನ ಹಗುರ ಕ್ಯಾಮೆರಾ, ಬ್ಯಾಟರಿ ಸೇರಿ 429 ಗ್ರಾಂ. ಅದರ ಜೊತೆ ಒಂದು 100-400 ಲೆನ್ಸ್ ಇದೆ, 635 ಗ್ರಾಂ. ಚಿಕ್ಕ ಸೆನ್ಸರ್ ಚಿತ್ರದ ಅಂಚು ಕತ್ತರಿಸುವುದರಿಂದ ನಾನೂರು ಅನ್ನುವುದು ದೊಡ್ಡ ಸೆನ್ಸರ್‌ನವರ 640ರಷ್ಟು ಹತ್ತಿರ ತೋರಿಸುತ್ತದೆ. ಇದು ಸಾಲದು ಅನ್ನಿಸಿದ್ದೇ ನನ್ನ ಕಾಯಿಲೆ. ಇನ್‌ಸ್ಟಾಗ್ರಾಮ್‌ನಲ್ಲಿ ಕೃಷ್ಣಮೃಗದ ಕಣ್ಣಿನ ರೆಪ್ಪೆ ಎಣಿಸುವ ಹಾಗಿರುವ ಫೋಟೊ ನೋಡಿದಾಗಲೆಲ್ಲ ನನ್ನ ಫೋಟೊದಲ್ಲಿ ಹುಲ್ಲೇ ಜಾಸ್ತಿ, ಜಿಂಕೆ ಕಮ್ಮಿ ಅನ್ನಿಸುತ್ತಿತ್ತು. ಅದಕ್ಕೇ 200-800. ತೂಕ ಎರಡು ಕೆಜಿ ಮೇಲೆ ಐವತ್ತು ಗ್ರಾಂ. ಬೆಲೆ ನನ್ನ ಹಳೇ ಲೆನ್ಸಿನ ಮೂರು ಪಟ್ಟು.

ಹೋಗಬೇಕಿದ್ದದ್ದು ಮೈದೇನಹಳ್ಳಿಗೆ. ಮಧುಗಿರಿ ತಾಲ್ಲೂಕಿನ ಆಂಧ್ರ ಗಡಿ ಅಂಚಿನಲ್ಲಿರುವ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶ ಅದು. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ದಾಟಿ ಪೆನ್ನಾರ್ ಸೇರುವ ಜಯಮಂಗಲಿ ನದಿಯ ಹೆಸರನ್ನೇ ಇಟ್ಟಿದ್ದಾರೆ. 2007ರಲ್ಲಿ ಘೋಷಣೆಯಾಯಿತು, ವಿಸ್ತಾರ 798 ಎಕರೆ. ಕಾಡು ಅಂದುಕೊಂಡು ಹೋದರೆ ಬೇಸರವಾಗುತ್ತದೆ. ಸಫಾರಿ ಜೀಪು, ಹಸಿರು ಗೇಟು, ಆನೆ ದಾರಿ ಯಾವುದೂ ಇಲ್ಲ. ಬಯಲು, ಹುಲ್ಲು, ಅಲ್ಲಲ್ಲಿ ನೆಡುತೋಪು, ಒಂದು ವಾಚ್ ಟವರ್, ಸುತ್ತ ರೈತರ ಹೊಲ. ಜಿಂಕೆಗಳಿಗೆ ಬೇಲಿ ಲೆಕ್ಕಕ್ಕಿಲ್ಲ. ಕಡ್ಲೆಕಾಯಿ ಹೊಲಕ್ಕೂ ಇಳಿಯುತ್ತವೆ. ರಾಜ್ಯದಲ್ಲಿ ಕೃಷ್ಣಮೃಗ ನೋಡಬೇಕು ಅಂದರೆ ಮೊದಲು ಹೇಳುವುದು ರಾಣೆಬೆನ್ನೂರು, ಆಮೇಲೆ ಮೈದೇನಹಳ್ಳಿ.

ಮಾರ್ಚ್ ಮೊದಲ ವಾರ. ಮದಲೂರಿನಿಂದ ಬೆಳಗಿನ ನಾಲ್ಕಕ್ಕೆ ಹೊರಟೆವು, ದೊಡ್ಡಪ್ಪನ ಮಗ ಅಣ್ಣ ಕಾರು ಓಡಿಸಿದ. ದೊಡ್ಡಮ್ಮ ಹಿಂದಿನ ರಾತ್ರಿಯೇ ಹಳೇ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ ಎರಡೂ ತುದಿ ಹೊಲಿದು ಚೀಲ ಮಾಡಿಕೊಟ್ಟಿದ್ದರು. ಅದರೊಳಗೆ ಮೂರು ಸೇರು ಹುರುಳಿ. ಇದನ್ನೇ ಅಂಗಡಿಯಲ್ಲಿ ಬೀನ್ ಬ್ಯಾಗ್ ಅಂತ ಸಾವಿರಾರು ರೂಪಾಯಿಗೆ ಮಾರುತ್ತಾರೆ. ಕಾರಿನ ಕಿಟಕಿ ಮೇಲೋ ನೆಲದ ಮೇಲೋ ಇಟ್ಟು ಅದರ ಮೇಲೆ ಲೆನ್ಸ್ ಮಲಗಿಸಿದರೆ ಟ್ರೈಪಾಡ್ ಬೇಕಿಲ್ಲ, ಕೈ ನಡುಕವೂ ಇಲ್ಲ. ಬೆಂಗಳೂರಿನಿಂದ ಖಾಲಿ ಚೀಲ ತನ್ನಿ, ತುಂಬೋಕೆ ಊರಲ್ಲಿ ಕಾಳು ಸಿಕ್ಕೇ ಸಿಗುತ್ತದೆ. ಒಂದೇ ಎಚ್ಚರಿಕೆ: ರಾಗಿ ತುಂಬಬೇಡಿ. ಹೊಲಿಗೆ ಸಂದಿಯಲ್ಲಿ ಸೋರುತ್ತದೆ. ಮೊದಲ ಸಲ ನಾನು ಅದನ್ನೇ ಮಾಡಿ ಕಾರಿನ ಡೋರಿನೊಳಗೆ ರಾಗಿ ಬಿತ್ತನೆ ಮಾಡಿದ್ದೆ.

ಸೂರ್ಯ ಹುಟ್ಟುವ ಹೊತ್ತಿಗೆ ಹುಲ್ಲಿನ ನಡುವೆ ಮೂವತ್ತು ನಲವತ್ತು ಹೆಣ್ಣು ಜಿಂಕೆಗಳ ಹಿಂಡು ಕಂಡಿತು. ಸ್ವಲ್ಪ ಆಚೆ ಒಂಟಿ ಗಂಡು. ಬೆನ್ನು ಕಪ್ಪು, ಹೊಟ್ಟೆ ಬಿಳಿ, ತಿರುಚಿದ ಕೊಂಬು. ಮೂತಿ ಮೇಲೆತ್ತಿ, ಕಿವಿ ಇಳಿಬಿಟ್ಟು, ಬಾಲ ಬೆನ್ನಿನ ಮೇಲೆ ಸುರುಳಿ ಮಾಡಿಕೊಂಡು ಮದುವೆ ಗಂಡಿನ ಹಾಗೆ ಅತ್ತಿಂದಿತ್ತ ನಡೆಯುತ್ತಿತ್ತು. ನಮ್ಮಿಂದ ಸುಮಾರು ಇನ್ನೂರು ಮೀಟರ್.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಲೆನ್ಸ್ ಕೊಳ್ಳುವ ಮುಂಚೆ ಯಾರೂ ನನಗೆ ಹೇಳದ ಲೆಕ್ಕ. ನನ್ನ ಕ್ಯಾಮೆರಾದಲ್ಲಿ ನಾನೂರರಲ್ಲಿ ನೂರು ಮೀಟರ್ ದೂರ ನೋಡಿದರೆ ಫ್ರೇಮಿನ ಅಗಲಕ್ಕೆ ಐದೂವರೆ ಮೀಟರ್ ಜಾಗ ಹಿಡಿಯುತ್ತದೆ. ಎಂಟುನೂರರಲ್ಲಿ ಅದರ ಅರ್ಧ, ಎರಡು ಮುಕ್ಕಾಲು ಮೀಟರ್. ಕೃಷ್ಣಮೃಗದ ಉದ್ದ ಹೆಚ್ಚೂಕಮ್ಮಿ ಒಂದೂಕಾಲು ಮೀಟರ್. ಅಂದರೆ ನೂರು ಮೀಟರಿನಲ್ಲಿ ನಾನೂರರ ಲೆನ್ಸಿಗೆ ಜಿಂಕೆ ಚಿತ್ರದ ಕಾಲು ಭಾಗಕ್ಕೂ ಕಡಿಮೆ, ಎಂಟುನೂರಕ್ಕೆ ಅರ್ಧದ ಹತ್ತಿರ. ಇನ್ನೂರು ಮೀಟರಿಗೆ ಹೋದರೆ ಎಂಟುನೂರರಲ್ಲಿ ಕಾಣುವುದು, ನೂರು ಮೀಟರಿನಲ್ಲಿ ನಾನೂರರಲ್ಲಿ ಕಾಣುವಷ್ಟೇ. ಹಾಗಾದರೆ ಎರಡು ಲಕ್ಷ ಕೊಟ್ಟು ಕೊಳ್ಳುವುದು ಏನು? ನೂರು ಮೀಟರ್. ಬರೀ ಆ ನೂರು ಮೀಟರ್ ನಡೆಯದೇ ಇರುವ ಸೌಕರ್ಯ.

ಏಳು ಗಂಟೆಯ ಬೆಳಕಲ್ಲಿ ಆ ಸೌಕರ್ಯ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಲ್ಲ. ಕಿಟಕಿ ಮೇಲೆ ಹುರುಳಿ ಚೀಲ, ಅದರ ಮೇಲೆ ಲೆನ್ಸು. ಗಂಡು ಜಿಂಕೆಯ ಮೂಗಿನ ತುದಿಯ ಇಬ್ಬನಿ ಕಂಡಿತು. ಐಎಸ್‌ಓ 3200ಕ್ಕೆ ಏರಿಸಬೇಕಾಯಿತು. ಎಂಟುನೂರರಲ್ಲಿ ಈ ಲೆನ್ಸಿನ ಬಾಯಿ ಎಫ್9ಕ್ಕಿಂತ ಅಗಲ ತೆರೆಯಲ್ಲ. ನನ್ನ ಹಳೇ ಲೆನ್ಸೇನೂ ದೊಡ್ಡ ಸಾಹುಕಾರನಲ್ಲ, ನಾನೂರರಲ್ಲಿ ಎಫ್8. ಎಫ್4ರ ಲೆನ್ಸಿನ ಎದುರು ಎಫ್8ರೊಳಗೆ ಬರುವುದು ಕಾಲು ಭಾಗ ಬೆಳಕು. ಆ ಎಫ್4ರ ಆರುನೂರು ಬೇಕು ಅಂದರೆ ಒಂದು ಕಾರಿನ ದುಡ್ಡು, ಹೊರೋಕೆ ಮೂರು ಕೆಜಿ. ಆ ದಾರಿ ನಮ್ಮದಲ್ಲ.

ಇನ್ನೊಂದು ವಿಷಯ ಕಲಿತೆ. ಒಣ ಹುಲ್ಲು ಬೆಳ್ಳಗೆ ಹೊಳೆಯುತ್ತದೆ, ಜಿಂಕೆ ಕಪ್ಪು. ಕ್ಯಾಮೆರಾ ಹುಲ್ಲನ್ನು ನೋಡಿ ಬೆಳಕು ಜಾಸ್ತಿ ಅಂದುಕೊಂಡು ಎಲ್ಲವನ್ನೂ ಕಪ್ಪಾಗಿಸುತ್ತದೆ. ಜಿಂಕೆ ಮುಖ ಇದ್ದಿಲಾಗುತ್ತದೆ. ಎಕ್ಸ್‌ಪೋಷರ್ ಮುಕ್ಕಾಲು ಸ್ಟಾಪ್ ಏರಿಸಿ, ಹೊಟ್ಟೆಯ ಬಿಳಿ ಸುಟ್ಟುಹೋಗದ ಹಾಗೆ ನೋಡಿಕೊಂಡೆ. ಇದಕ್ಕೆ ಯಾವ ಲೆನ್ಸೂ ಬೇಕಿಲ್ಲ, ಒಂದು ಡಯಲ್ ತಿರುಗಿಸಿದರೆ ಮುಗಿಯಿತು.

ಎಂಟೂವರೆ ದಾಟಿತು. ಅಲ್ಲಿಂದ ಕಥೆ ಬದಲಾಯಿತು.

ಸ್ಕ್ರೀನ್ ಹಿಗ್ಗಿಸಿ ನೋಡಿದರೆ ಜಿಂಕೆ ಮಸುಕು. ಫೋಕಸ್ ತಪ್ಪಿರಬೇಕು ಅಂತ ಮತ್ತೆ ತೆಗೆದೆ. ಮಸುಕು. ಶಟರ್ ಸ್ಪೀಡ್ ಸಾವಿರದ ಒಂದರಿಂದ ಎರಡು ಸಾವಿರದ ಒಂದಕ್ಕೆ ಏರಿಸಿದೆ. ಮಸುಕು. ಜಿಂಕೆಯ ಕಾಲು ನೀರಿನಲ್ಲಿ ನಿಂತ ಹಾಗೆ ನುಲಿಯುತ್ತಿತ್ತು, ಕೊಂಬಿನ ಅಂಚು ತುಪ್ಪಳ ತುಪ್ಪಳವಾಗಿತ್ತು. ಲೆನ್ಸೇ ಕೆಟ್ಟಿದೆ, ಬಾಡಿಗೆಯವರು ಕೆಟ್ಟ ಪೀಸ್ ಕೊಟ್ಟಿದ್ದಾರೆ ಅಂತ ಬೈದುಕೊಂಡೆ. ಪಾಪ, ಅವರ ತಪ್ಪೇನೂ ಇರಲಿಲ್ಲ. ಲೆನ್ಸಿನದ್ದೂ ಅಲ್ಲ. ಬಿಸಿಲ್ಗುದುರೆ!

ಚಿಕ್ಕಂದಿನಿಂದ ಶಿರಾ ಹೆದ್ದಾರಿಯಲ್ಲಿ ದೂರಕ್ಕೆ ನೀರು ನಿಂತ ಹಾಗೆ ಕಾಣುವುದನ್ನು ನೋಡಿದ್ದೇನೆ. ಅದರದ್ದೇ ಸಂಬಂಧಿ ಇದು. ನೆಲ ಕಾದರೆ ಅದಕ್ಕೆ ಅಂಟಿದ ಗಾಳಿ ಕಾಯುತ್ತದೆ, ಮೇಲಿನ ಗಾಳಿ ಅಷ್ಟು ಕಾದಿರುವುದಿಲ್ಲ. ಬಿಸಿ ಗಾಳಿ ಮೇಲೇರುತ್ತಾ ತಣ್ಣನೆಯದರ ಜೊತೆ ಕಲಸಿಹೋಗುತ್ತಿರುತ್ತದೆ. ಅದರ ಮೂಲಕ ಬರುವ ಬೆಳಕು ಹೆಜ್ಜೆಹೆಜ್ಜೆಗೂ ಬಾಗುತ್ತದೆ. ದೂರ ಹೆಚ್ಚಿದಷ್ಟೂ ಬೆಳಕು ದಾಟಬೇಕಾದ ಕಾದ ಗಾಳಿ ಹೆಚ್ಚು. ಲೆನ್ಸ್ ಉದ್ದವಾದಷ್ಟೂ ಅದು ಜಿಂಕೆಯ ಜೊತೆಗೆ ಈ ನಡುಕವನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಎರಡು ಲಕ್ಷದ್ದಾಗಲಿ ಹನ್ನೆರಡು ಲಕ್ಷದ್ದಾಗಲಿ, ನಡುವಿನ ಗಾಳಿಯನ್ನು ಯಾವ ಗಾಜೂ ತೊಳೆಯಲಾರದು. ಎಸಿ ಹಾಕಿದ ಕಾರಿನ ಕಿಟಕಿ ಇಳಿಸಿ ತೆಗೆದರೂ ಇದೇ ಪಾಡು, ಒಳಗಿನ ತಂಪೂ ಹೊರಗಿನ ಬಿಸಿಯೂ ಲೆನ್ಸಿನ ಬಾಯಲ್ಲೇ ಜಗಳಕ್ಕೆ ನಿಲ್ಲುತ್ತವೆ. ನಾವು ಅದನ್ನೂ ಮಾಡಿದ್ದೆವು. ಅಣ್ಣನಿಗೆ ಸೆಕೆ ತಡೆಯಲ್ಲ.

ನಾಗರಹೊಳೆಯಲ್ಲೋ ಕಬಿನಿಯಲ್ಲೋ ಹುಲಿ ಫೋಟೊ ತೆಗೆದವರ ಸಲಹೆ ಕೇಳಿಕೊಂಡು ಬಯಲುಸೀಮೆಗೆ ಲೆನ್ಸ್ ಆರಿಸಿದ್ದೆ ನಾನು. ಅಲ್ಲಿ ಮರದ ನೆರಳು, ಜೀಪಿನಿಂದ ಮೂವತ್ತು ಮೀಟರ್, ಬೇಕಾದದ್ದು ಬೆಳಕು. ಇಲ್ಲಿ ಬೆಳಕಿಗೆ ಬರವಿಲ್ಲ, ಬಯಲಿಗೆ ತುದಿಯಿಲ್ಲ, ಬೇಕಾದದ್ದು ತಂಪು ಗಾಳಿ. ಅದು ದಿನಕ್ಕೆ ಎರಡು ಗಂಟೆ ಬೆಳಿಗ್ಗೆ, ಒಂದು ಗಂಟೆ ಸಂಜೆ ಸಿಗುತ್ತದೆ.

ವಾಚ್ ಟವರ್ ಹತ್ತಿದರೆ ನಡುಕ ಸ್ವಲ್ಪ ಕಮ್ಮಿಯಾಯಿತು, ನೋಟ ನೆಲ ಬಿಟ್ಟು ಮೇಲೆ ಹೋಗುತ್ತಲ್ಲ. ಆದರೆ ಮೇಲಿಂದ ತೆಗೆದ ಜಿಂಕೆ ಗೂಗಲ್ ಮ್ಯಾಪಿನ ಜಿಂಕೆ ಹಾಗೆ ಕಂಡಿತು. ಅದರ ಕಣ್ಣಿನ ಮಟ್ಟಕ್ಕೆ ಇಳಿದರೆ ಚಿತ್ರ ಚಂದ, ಇಳಿದರೆ ಗಾಳಿ ಕೆಟ್ಟದು. ಹೀಗಾಗಿ ದೊಡ್ಡ ಲೆನ್ಸ್ ಕಾರಲ್ಲಿಟ್ಟು, ನನ್ನ ಹಳೇ 100-400 ಹಾಕಿಕೊಂಡು ಹತ್ತಿರ ಹೋಗೋಣ ಅಂತ ತೀರ್ಮಾನಿಸಿದೆ. ಆ ನೂರು ಮೀಟರ್ ನಾನೇ ನಡೆದರಾಯಿತು, ಎರಡು ಲಕ್ಷ ಉಳಿಯಿತು ಅಂತ ಒಳಗೊಳಗೇ ಖುಷಿ ಬೇರೆ.

ಬಗ್ಗಿಕೊಂಡು ಹುಲ್ಲಿನಲ್ಲಿ ಹೊರಟೆ. ಹಿಂಡು ತಲೆ ಎತ್ತಿತು. ನಿಂತೆ. ತಲೆ ತಗ್ಗಿಸಿದವು. ಮತ್ತೆ ಹತ್ತು ಹೆಜ್ಜೆ. ಒಂದು ಹೆಣ್ಣು ಮಾತ್ರ ಹಿಂಡಿನಿಂದ ಬೇರೆಯಾಗಿ ನಿಂತಿತ್ತು, ನನ್ನನ್ನೇ ನೋಡುತ್ತಾ. ಅಯ್ಯೋ, ಎಷ್ಟು ಚೆನ್ನಾಗಿ ಪೋಸ್ ಕೊಡ್ತಿದೆ ಅಂದುಕೊಂಡು ಅದರ ಕಡೆಗೇ ನಡೆದೆ. ಅದು ನಾಲ್ಕು ಹೆಜ್ಜೆ ಓಡಿ ನಿಂತಿತು, ಮತ್ತೆ ನನ್ನ ಕಡೆ ತಿರುಗಿತು. ಮತ್ತೆ ನಡೆದೆ. ಆಗ ಹಿಂಡಿಗೆ ಹಿಂಡೇ ಚೆಂಡಿನ ಹಾಗೆ ಚಿಮ್ಮಿ ಹೊರಟೇಹೋಯಿತು. ಇದೂ ಅದರ ಹಿಂದೆ ಹೋಯಿತು.

ಹಿಂದಿನಿಂದ ಶಿಳ್ಳೆ ಕೇಳಿಸಿತು. ವಾಚರ್ ಸೈಕಲ್ ನೆಲಕ್ಕೆ ಒರಗಿಸಿ ಬಂದರು. ವಯಸ್ಸಾದವರು. ಬೈಯಲಿಲ್ಲ. "ಅಲ್ಲೇ ನಿಂತ್ಕಳಮ್ಮ, ಕಾಲ್ ಮುಂದಿಕ್ಕಬೇಡ" ಅಂದರು. ನನ್ನ ಕಾಲಿನಿಂದ ನಾಲ್ಕೈದು ಮಾರು ಆಚೆ, ಹುಲ್ಲಿನ ಬುಡದಲ್ಲಿ, ಒಂದು ಮರಿ. ಕುತ್ತಿಗೆ ನೆಲಕ್ಕೆ ಚಾಚಿ, ಕಿವಿ ಬೆನ್ನಿಗೆ ಅಂಟಿಸಿಕೊಂಡು, ಒಣ ಸಗಣಿಯ ಬಣ್ಣದ ಒಂದು ಮುಷ್ಟಿ ಜೀವ. ಕಣ್ಣು ಮಾತ್ರ ತೆರೆದಿತ್ತು. ಉಸಿರಿಗೆ ಪಕ್ಕೆ ಏರಿಳಿಯುವುದು ಕಾಣಿಸಿತು. ಹುಟ್ಟಿ ಹೆಚ್ಚು ದಿನ ಆಗಿರಲಿಲ್ಲ. ಮರಿ ಹಾಕಿದ ಮೊದಲ ದಿನಗಳಲ್ಲಿ ತಾಯಿ ಅದನ್ನು ಹೀಗೆ ಹುಲ್ಲಿನಲ್ಲಿ ಅಡಗಿಸಿಟ್ಟು ದೂರ ಮೇಯುತ್ತದೆ, ಹಾಲು ಕುಡಿಸೋಕೆ ಮಾತ್ರ ಬರುತ್ತದೆ. ಎಷ್ಟೇ ಹತ್ತಿರ ಹೋದರೂ ಮರಿ ಅಲುಗಾಡುವುದಿಲ್ಲ. ಅದಕ್ಕಿರುವ ಬಚಾವಿನ ದಾರಿ ಅದೊಂದೇ.

ಪೋಸ್ ಕೊಟ್ಟಿದ್ದಲ್ಲ ಅದು.

"ನಾಯಿ ಬತ್ತವೆ ಇಲ್ಲಿ" ಅಂದರು ವಾಚರ್. "ನೀನ್ ನಿಂತಿದ್ ಜಾಗ ನೋಡ್ಕಂಡು ಕಾಗೆನೂ ಬತ್ತವೆ. ಬಾ, ಹಂಗೇ ಹಿಂದಕ್ ಬಾ."

ಹಿಂದಕ್ಕೆ ಬಂದೆ. ಕ್ಯಾಮೆರಾ ಎತ್ತಲಿಲ್ಲ. ನಾಲ್ಕು ಮಾರು ದೂರ, ಅಲುಗಾಡದ ಮರಿ, ಯಾವ ಲೆನ್ಸಿಗೂ ಸಿಗುವ ಚಿತ್ರ. ಎತ್ತಬೇಕು ಅನ್ನಿಸಲಿಲ್ಲ ಅಂತಲ್ಲ, ಅನ್ನಿಸಿತು. ಕಾರಿನಲ್ಲಿ ಕೂತು ಮುಕ್ಕಾಲು ಗಂಟೆ ಕಾದೆವು. ಎಸಿ ಇಲ್ಲ, ಎಂಜಿನ್ ಬಂದ್. ಅಣ್ಣ ಒಂದು ಮಾತೂ ಆಡಲಿಲ್ಲ. ತಾಯಿ ಬಂತಾ ಅಂತ ನೋಡಿದ್ದು ಆ ಎಂಟುನೂರರ ಲೆನ್ಸಿನಲ್ಲೇ. ಚಿತ್ರ ತೆಗೆಯೋಕೆ ಬಾರದಷ್ಟು ನಡುಗುವ ಗಾಳಿಯಲ್ಲಿ, ದೂರದ ತೋಪಿನ ಅಂಚಿನಿಂದ ಒಂದು ಕಂದು ಚುಕ್ಕೆ ನಿಂತು ನಿಂತು ವಾಪಸ್ ಬರುವುದು ಕಂಡಿತು. ಅದು ಹುಲ್ಲಿನಲ್ಲಿ ತಲೆ ತಗ್ಗಿಸಿತು. ಅಷ್ಟು ಸಾಕು ಅಂತ ಹೊರಟೆವು.

ಕೃಷ್ಣಮೃಗ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿದೆ, ಹುಲಿಗಿರುವ ರಕ್ಷಣೆಯೇ ಇದಕ್ಕೂ. ಆದರೆ ಮೈದೇನಹಳ್ಳಿಯಲ್ಲಿ ಕಾರು ಬಿಟ್ಟು ಅಟ್ಟಿಸಿಕೊಂಡು ಹೋಗಿ "ಓಡುವ ಜಿಂಕೆ" ತೆಗೆಯುವವರೂ ಇದ್ದಾರೆ, ಕಾರಿನ ಗಾಲಿ ಗುರುತು ಹುಲ್ಲಿನ ಮೇಲೆ ಕಂಡಿತು. ಅವರನ್ನು ಬೈಯುವ ಯೋಗ್ಯತೆ ಆ ಬೆಳಿಗ್ಗೆ ನನಗಿರಲಿಲ್ಲ. ವಾಚರ್ ಹೇಳಿಕೊಟ್ಟ ಉಪಾಯ ಮಾತ್ರ ಬರೆಯುತ್ತೇನೆ. ಗಂಡು ಜಿಂಕೆ ತನ್ನ ಜಾಗ ಕಾಯುತ್ತದೆ, ಒಂದೇ ಕಡೆ ಹಿಕ್ಕೆ ಹಾಕಿ ಗುಡ್ಡೆ ಮಾಡಿರುತ್ತದೆ. ಅಲ್ಲಿಗೆ ಬಂದೇ ಬರುತ್ತದೆ. ಕತ್ತಲಿರುವಾಗಲೇ ಹೋಗಿ ದಾರಿಯ ಮೇಲೆ ಕಾರು ನಿಲ್ಲಿಸಿಕೊಂಡು, ಗಾಜು ಇಳಿಸಿ ಸುಮ್ಮನೆ ಕೂತರೆ ಅದೇ ನಮ್ಮ ಹತ್ತಿರ ಬರುತ್ತದೆ. ಮಾರನೆಯ ಬೆಳಿಗ್ಗೆ ಹಾಗೇ ಮಾಡಿದೆವು. ಎಂಬತ್ತು ಮೀಟರ್ ಹತ್ತಿರಕ್ಕೆ ಬಂತು. ನನ್ನ ಹಳೇ ಲೆನ್ಸಿನಲ್ಲೇ ತೆಗೆದೆ. ಫ್ರೇಮಿನಲ್ಲಿ ಹುಲ್ಲೇ ಜಾಸ್ತಿ. ಆ ಹುಲ್ಲೇ ಚೆನ್ನಾಗಿ ಬಂದಿದೆ ಅನ್ನಿಸಿತು ಈ ಸಲ. ಫಿಲ್ಮ್ ಕಾಲದಲ್ಲಿ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅಂಥವರು ಮೂವತ್ತಾರು ಫ್ರೇಮಿನ ರೋಲ್ ಹಾಕಿಕೊಂಡು ಮರೆಯಲ್ಲಿ ಕೂತು ಕಾಯುತ್ತಿದ್ದರಲ್ಲ, ಅವರಿಗೆ ಇದೆಲ್ಲ ಹೊಸ ಸುದ್ದಿಯೇನಲ್ಲ. ನನಗೆ ಹೊಸದು.

ಅದೇ ದಿನ ಸಂಜೆ ಕಗ್ಗಲಡು. ಶಿರಾದಿಂದ ಚಂಗಾವರ ರಸ್ತೆಯಲ್ಲಿ ಹತ್ತು ಕಿಲೋಮೀಟರೂ ಇಲ್ಲ. ಮಂಡ್ಯದ ಕೊಕ್ಕರೆ ಬೆಳ್ಳೂರು ಗೊತ್ತಿರುವವರಿಗೆಲ್ಲ ಕಗ್ಗಲಡು ಗೊತ್ತಿರಲ್ಲ, ಅದೊಂದು ಬೇಸರ. ಊರಿನ ಹುಣಸೇ ಮರಗಳ ಮೇಲೆ ಬಣ್ಣದ ಕೊಕ್ಕರೆ, ಬೂದು ಬಕ ಗೂಡು ಕಟ್ಟುತ್ತವೆ. ಫೆಬ್ರವರಿಯಿಂದ ಮಳೆಗಾಲದ ನಡುವಿನವರೆಗೆ ಅಲ್ಲೇ ಬಾಣಂತನ. ಮರದ ಕೆಳಗೆ ಮನೆ, ಹಟ್ಟಿ, ಟ್ರ್ಯಾಕ್ಟರು, ಮೇಲೆ ಮರಿಗಳ ಗಲಾಟೆ, ಎಲ್ಲೆಲ್ಲೂ ಮೀನಿನ ನಾತ, ಹಿಕ್ಕೆಯ ಸುಣ್ಣ.

ಇಲ್ಲಿ ಎಂಟುನೂರರ ಲೆನ್ಸ್ ಹಾಕಿದರೆ ಕೊಕ್ಕರೆಯ ಕೊಕ್ಕಿನ ತುದಿ ಬಿಟ್ಟು ಏನೂ ಕಾಣಲಿಲ್ಲ. ಕಮ್ಮಿ ಮಾಡಿ ಇನ್ನೂರಕ್ಕೆ ತಂದರೂ ಒಂದು ಗೂಡು ಅಷ್ಟೇ. ಮರ ಹಿಡಿಯಲ್ಲ, ಊರು ಹಿಡಿಯಲ್ಲ. ಮರದಡಿ ಹುಣಸೇಹಣ್ಣು ಬಿಡಿಸುತ್ತಾ ಕೂತಿದ್ದ ಅಜ್ಜಿಯೊಬ್ಬರು ನನ್ನ ಒದ್ದಾಟ ನೋಡಿ "ಏನವ್ವ, ಫಿರಂಗಿ ತಂದಿದೀಯಾ ಹಕ್ಕಿಗೆ?" ಅಂದರು. ಗೂಡಿರುವ ಮರ ಬಡಿಯಲ್ವಾ ಅಂತ ಕೇಳಿದೆ. "ಬಾಣಂತಿ ಇರೋ ಮನೆ ಬಾಗ್ಲು ಬಡೀತಾರಾ ಯಾರಾದ್ರೂ?" ಅಂದರು. ಸೀಸನ್ನಿನ ಹುಣಸೇಹಣ್ಣಿಗೆ ಎಷ್ಟು ಬೆಲೆ ಅಂತ ಗೊತ್ತಿರುವವರಿಗೆ ಆ ಮಾತಿನ ಬೆಲೆಯೂ ಗೊತ್ತಾಗುತ್ತದೆ.

ಕ್ಯಾಮೆರಾ ಜೊತೆ ಬಂದಿದ್ದ ಪುಟ್ಟ 18-45 ಲೆನ್ಸು ಬ್ಯಾಗಿನ ಮೂಲೆಯಲ್ಲಿ ಸಾಕ್ಸಿನೊಳಗೆ ಇತ್ತು. ನೂರಿಪ್ಪತ್ತೋ ನೂರಮೂವತ್ತೋ ಗ್ರಾಂ. ಅದರಲ್ಲಿ ಅಜ್ಜಿ, ಹುಣಸೆ ರಾಶಿ, ಮರ, ಮರದ ನೆತ್ತಿಯ ಬಿಳಿ ಹಕ್ಕಿಗಳು ಎಲ್ಲ ಒಂದೇ ಫ್ರೇಮಿಗೆ ಬಂದವು. ಅಜ್ಜಿಯನ್ನು ಕೇಳಿಯೇ ತೆಗೆದೆ. ಮೂರು ದಿನದಲ್ಲಿ ನಾನು ತೆಗೆದ ಒಳ್ಳೆಯ ಫೋಟೊ ಅದೇ. ಒಂದು ಮಾತು: ಲೆನ್ಸ್ ಬದಲಾಯಿಸುವಾಗ ಗಾಳಿಗೆ ಬೆನ್ನು ಕೊಟ್ಟು, ಕ್ಯಾಮೆರಾ ಬಾಯಿ ನೆಲಕ್ಕೆ ಮಾಡಿ, ಕಾರಿನೊಳಗೇ ಬದಲಾಯಿಸಿ. ನಾನು ಹಟ್ಟಿ ಮುಂದೆ ನಿಂತು ಬದಲಾಯಿಸಿ ಸೆನ್ಸರ್ ತುಂಬ ಶಿರಾದ ಮಣ್ಣು ತುಂಬಿಕೊಂಡೆ. ಆಮೇಲಿನ ಎಲ್ಲ ಆಕಾಶದಲ್ಲೂ ಕಪ್ಪು ಚುಕ್ಕೆ.

ಈ ಕೊಕ್ಕರೆಗಳು ಮರಿಗೆ ಮೀನು ತರುವುದು ಸುತ್ತಲಿನ ಕೆರೆಗಳಿಂದ. ಕೆರೆ ಒಣಗಿದರೆ ಹುಣಸೇ ಮರ ಇದ್ದೂ ಉಪಯೋಗವಿಲ್ಲ. ಮೂರನೇ ದಿನ ಸಂಜೆ ದೊಡ್ಡಪ್ಪ "ನಮ್ ಕೆರೆ ಹಕ್ಕಿ ನೋಡಲ್ವೇನವ್ವ, ದುಡ್ ಕೊಟ್ಟು ಊರೂರು ತಿರುಗ್ತೀಯ" ಅಂದಾಗ ಅದಕ್ಕೇ ಎದ್ದು ಹೊರಟೆ.

ನಾನು ಶಾಲೆಯಲ್ಲಿದ್ದಾಗ ಬೇಸಿಗೆ ರಜಕ್ಕೆ ಬಂದರೆ ಮದಲೂರು ಕೆರೆ ಅಂದರೆ ಜಾಲಿ ಮುಳ್ಳು. ಅಷ್ಟು ದೊಡ್ಡ ಕೆರೆಯ ಅಂಗಳದಲ್ಲಿ ಕ್ರಿಕೆಟ್ ಆಡಿದ್ದೇವೆ. ಅಪ್ಪ ಊರು ಬಿಟ್ಟು ಪೀಣ್ಯದ ಫ್ಯಾಕ್ಟರಿಗೆ ಸೇರಿದ್ದೂ ಆ ಒಣ ವರ್ಷಗಳಲ್ಲೇ. 2020ರ ನವೆಂಬರ್‌ನ ಶಿರಾ ಉಪಚುನಾವಣೆಯಲ್ಲಿ ಈ ಕೆರೆಯ ಹೆಸರು ರಾಜ್ಯದ ಎಲ್ಲ ಟಿವಿಯಲ್ಲೂ ಬಂತು. ಕೆರೆ ತುಂಬಿಸುತ್ತೇವೆ ಅನ್ನುವ ಭರವಸೆ, ಆಮೇಲೆ ಕಳ್ಳಂಬೆಳ್ಳ, ಶಿರಾ ದಾಟಿ ನಾಲೆಯಲ್ಲಿ ಬಂದ ಹೇಮಾವತಿ ನೀರು. ಪ್ರತಿ ವರ್ಷ ಬರುತ್ತಾ, ಎಷ್ಟು ಬರುತ್ತೆ ಅನ್ನುವ ಜಗಳ ಇನ್ನೂ ಇದೆ, ಇರುತ್ತದೆ. ಈ ಮಾರ್ಚಿನಲ್ಲಂತೂ ನೀರಿತ್ತು.

ಏರಿ ಮೇಲೆ ಹುರುಳಿ ಚೀಲ ಇಟ್ಟು ದೊಡ್ಡ ಲೆನ್ಸ್ ಮಲಗಿಸಿದೆ. ನೀರಿನ ಮೇಲಿಂದ ಸಂಜೆ ಗಾಳಿ ತಣ್ಣಗೆ ಬರುತ್ತಿತ್ತು, ನಡುಕವಿಲ್ಲ. ಮೂರು ದಿನದಲ್ಲಿ ಮೊದಲ ಸಲ ಈ ಲೆನ್ಸು ತನ್ನ ಬೆಲೆಗೆ ತಕ್ಕ ಹಾಗೆ ಕೆಲಸ ಮಾಡಿತು ಅನ್ನಬೇಕು. ಆಳ ಕಡಿಮೆ ಇರುವ ಕಡೆ ಮೆಟ್ಟುಗಾಲು ಹಕ್ಕಿಗಳು ಕೆಂಪು ಕಾಲು ಎತ್ತೆತ್ತಿ ನಡೆಯುತ್ತಿದ್ದವು. ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು. ಬಹಳ ದೂರ, ನೀರಿನ ಅಂಚಿಗೆ, ಹನ್ನೊಂದು ಬಣ್ಣದ ಕೊಕ್ಕರೆ, ಕೊಕ್ಕು ನೀರಲ್ಲಿ ಅದ್ದಿ ಅತ್ತಿತ್ತ ಬೀಸುತ್ತಾ. ಕಗ್ಗಲಡಿನವೇ ಇರಬೇಕು. ನಡೆದು ಹೋಗೋಕೆ ಆಗದ ಜಾಗ, ಹೋದರೂ ಹಾರಿಬಿಡುತ್ತವೆ. ಇಂಥ ಕಡೆಗೆ ಉದ್ದ ಲೆನ್ಸ್ ಬೇಕು, ಬೇಡ ಅನ್ನೋಕಾಗಲ್ಲ.

"ಕೊಡವ್ವ, ನಾನೂ ನೋಡ್ತೀನಿ."

ದೊಡ್ಡಪ್ಪನಿಗೆ ಎರಡೂ ಕಣ್ಣಿಗೆ ಪೊರೆ ತೆಗೆಸಿದ್ದಾರೆ, ದೂರದ್ದು ಚೆನ್ನಾಗಿಯೇ ಕಾಣುತ್ತದೆ. ಏರಿ ಮೇಲೆ ಮೊಣಕಾಲೂರಿ, ಟವಲ್ ತಲೆ ಮೇಲೆ ಹೊದ್ದು, ಕಣ್ಣಿಟ್ಟರು. ಹಕ್ಕಿ ತೋರಿಸಿದೆ. ಹಕ್ಕಿಯ ಕಡೆ ಎರಡು ನಿಮಿಷ ಇರಲಿಲ್ಲ. ಲೆನ್ಸನ್ನು ಮೆಲ್ಲಗೆ ಎಡಕ್ಕೆ ತಿರುಗಿಸುತ್ತಾ ಹೋದರು, ಆಚೆ ದಡ, ತೆಂಗಿನ ತೋಟ, ಒಂದು ಗುಡಿ.

"ಅಲ್ನೋಡು. ನಂಜಪ್ಪನ ಕಾಲ್ದಲ್ಲಿ ಆ ತೂಬಿಂದ ನಮ್ ಗದ್ದೆಗೆ ನೀರ್ ಬರ್ತಿತ್ತು. ಆ ಕಲ್ಲು ಇನ್ನೂ ನಿಂತೈತೆ." ನಂಜಪ್ಪ ಅಂದರೆ ಅವರ ತಾತ, ನನಗೆ ಮುತ್ತಾತ. ನಾನು ನೋಡಿದೆ. ನೀರಿನಲ್ಲಿ ಅರ್ಧ ಮುಳುಗಿದ ಎರಡು ಕಲ್ಲುಕಂಬ, ಅವುಗಳ ಮೇಲೊಂದು ಅಡ್ಡಗಲ್ಲು. ಅದರ ಮೇಲೆ ಒಂದು ಬೆಳ್ಳಕ್ಕಿ. ಎಷ್ಟೋ ಸಲ ಕ್ರಿಕೆಟ್‌ಗೆ ಸ್ಟಂಪು ಮಾಡಿಕೊಂಡಿದ್ದ ಕಲ್ಲು ಅದು, ತೂಬು ಅಂತ ಗೊತ್ತೇ ಇರಲಿಲ್ಲ. ತೆಗೆದೆ. ಎಂಟುನೂರು, ಎಫ್9, ಸಾವಿರದ ಒಂದು. ಆ ಲೆನ್ಸಿನಲ್ಲಿ ನಾನು ಇಟ್ಟುಕೊಂಡ ಎರಡನೇ ಫೋಟೊ. ದೊಡ್ಡಪ್ಪ ಕತ್ತಲಾಗುವವರೆಗೂ ವ್ಯೂಫೈಂಡರ್ ಬಿಡಲಿಲ್ಲ, ಬ್ಯಾಟರಿ ಮುಗಿಯಿತು.

ಸೋಮವಾರ ಲೆನ್ಸ್ ವಾಪಸ್ ಕೊಟ್ಟೆ. ಕೊಳ್ಳಲಿಲ್ಲ. ವರ್ಷಕ್ಕೆ ಎರಡು ಸಲ ಕೆರೆಗೋ ಬೆಳಗಿನ ಬಯಲಿಗೋ ಬೇಕಾದರೆ ಬಾಡಿಗೆಗೆ ತರುವುದು, ಹತ್ತು ವರ್ಷ ತಂದರೂ ಅದರ ಬೆಲೆ ಮುಟ್ಟಲ್ಲ. ಮೈದೇನಹಳ್ಳಿಗೆ ಹೋಗುವವರು ಕೇಳಿದರೆ ನಾನು ಹೇಳುವುದು: ನಾನೂರರವರೆಗಿನ ಹಗುರ ಲೆನ್ಸ್ ಒಂದು, ಊರು ಮರ ಹಿಡಿಯುವ ಪುಟ್ಟದೊಂದು, ಎರಡು ಬ್ಯಾಟರಿ, ಕಾಳಿನ ಚೀಲ, ಧೂಳು ಊದುವ ರಬ್ಬರ್ ಬ್ಲೋವರ್, ಮೂರು ಲೀಟರ್ ನೀರು, ಮಣ್ಣಿನ ಬಣ್ಣದ ಶರ್ಟು. ಟ್ರೈಪಾಡ್ ಮನೆಯಲ್ಲಿರಲಿ. ಹೊರಡುವ ಮುಂಚೆ ಅರಣ್ಯ ಇಲಾಖೆಯವರ ಹತ್ತಿರ ಅನುಮತಿ ವಿಚಾರಿಸಿ. ಎಂಟೂವರೆಗೆ ಕ್ಯಾಮೆರಾ ಒಳಗಿಟ್ಟು ಮಧುಗಿರಿಗೆ ಬಂದು ಏಕಶಿಲಾ ಬೆಟ್ಟದ ಬುಡದಲ್ಲಿ ಇಡ್ಲಿ ತಿನ್ನಿ. ಇದೆಲ್ಲಕ್ಕಿಂತ ಮೊದಲು ಒಂದು ಬೈನಾಕ್ಯುಲರ್ ಕೊಳ್ಳಿ, 8x42 ಅಂತ ಕೇಳಿ, ಎಂಟು ಪಟ್ಟು ಹತ್ತಿರ, ಮುಂಗಾಜು 42 ಮಿಲಿಮೀಟರ್. ಜಿಂಕೆ ಒಂಟಿಯಾಗಿ ನಿಂತು ನಮ್ಮನ್ನೇ ನೋಡುತ್ತಿದ್ದರೆ ಯಾಕೆ ಅಂತ ಮೊದಲು ಅದರಲ್ಲಿ ನೋಡಬಹುದು.

ನಾನು ಎರಡು ಕೊಂಡೆ. ಒಂದನ್ನು ಯುಗಾದಿಗೆ ಮದಲೂರಿಗೆ ಕೊಟ್ಟು ಬಂದೆ. ದೊಡ್ಡಮ್ಮ ಅಷ್ಟರಲ್ಲಿ ಚೀಲ ಬಿಚ್ಚಿ ಹುರುಳಿ ಸಾರು ಮಾಡಿ ಮುಗಿಸಿದ್ದರು.

ಮೊನ್ನೆ ಆಫೀಸಿನಲ್ಲಿ ಮೀಟಿಂಗ್ ನಡುವೆ ದೊಡ್ಡಪ್ಪನ ಫೋನು. ಕೊಕ್ಕರೆ ಜಾಸ್ತಿ ಬಂದಿರಬೇಕು ಅಂದುಕೊಂಡು ಹೊರಗೆ ಬಂದು ಎತ್ತಿದೆ.

"ಪುಟ್ಟಿ, ಸಿಕ್ಬಿದ್ದ ಕಣವ್ವ! ನಮ್ ಹೊಲಕ್ಕೆ ಮೇಕೆ ಬಿಡ್ತಿದ್ದೋನು ಯಾರು ಅಂತ ಇವತ್ ಗೊತ್ತಾಯ್ತು. ಏರಿ ಮೇಲ್ ಕೂತ್ಕಂಡೇ ನೋಡ್ದೆ. ಮೇಕೆ ಕಿವಿ ಗುರುತು ಸಮೇತ ಕಾಣುತ್ತೆ!"